ಲೂಸ್ ಅಲ್ಲ ಮಗಾ, ಲೂಜ್!

‘ಇವ್ನೇನು ಲೂಸಾ ಮಗಾ?’

ನನ್ನ ಮೊಬೈಲ್‌ಗೆ ಇಣುಕಿ ನೋಡಿದ ರೂಮ್‌ಮೇಟ್ ಕೇಳಿದ. ಸ್ಕ್ರೀನ್ ಮೇಲೆ ಮನಾಲಿ ಕಡೆಯ ಘಾಟಿ ರಸ್ತೆ. ಹೆಲ್ಮೆಟ್ ಹಾಕಿಕೊಂಡ ಒಬ್ಬ ಮನುಷ್ಯ, ಚಕ್ರ ಜೋಡಿಸಿದ ಹಲಗೆಯಂಥದ್ದರ ಮೇಲೆ ಅಂಗಾತ ಮಲಗಿ, ಕಾಲು ಮುಂದೆ ಚಾಚಿ ಜರ್ರನೆ ಇಳಿಯುತ್ತಿದ್ದಾನೆ. ಪಕ್ಕದಲ್ಲೇ ಲಾರಿ ಹೋಗುತ್ತದೆ. ಮುಂದೆ ಕುರಿ ಹಿಂಡು ರಸ್ತೆ ದಾಟುತ್ತದೆ. ಅವನಿಗೆ ಬ್ರೇಕ್ ಎಂದರೆ ಕಾಲಿನ ಬೂಟು ಮಾತ್ರ.

‘ಲೂಸ್ ಅಲ್ಲ, ಲೂಜ್. ಅದೊಂದು ಆಟ. ಇವರು ಶಿವ ಕೇಶವನ್. ಆರು ಒಲಿಂಪಿಕ್ಸ್‌ಗೆ ಹೋಗಿದ್ದಾರೆ’ ಎಂದೆ.

‘ಆರಾ? ಮೆಡಲ್ ಎಷ್ಟು?’

‘ಒಂದೂ ಇಲ್ಲ.’

‘ಮತ್ತೆ ನಾಳೆ ಇಂಟರ್ನಲ್ಸ್ ಇಟ್ಕೊಂಡು ಇದನ್ನ ಯಾಕೋ ನೋಡ್ತಿದೀಯಾ?’

ಪ್ರಶ್ನೆ ನ್ಯಾಯವಾಗೇ ಇತ್ತು. ನನಗೆ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ‘ಸುಮ್ನೆ’ ಅಂದು ಮೊಬೈಲ್ ಮಗುಚಿಟ್ಟು ನೋಟ್ಸ್ ತೆಗೆದೆ. ಆದರೆ ಸುಮ್ಮನೆ ನೋಡುತ್ತಿರಲಿಲ್ಲ. ಅವನಿಗೆ ಅಂದು ಕೊಡಬೇಕಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಾಳೆ ಗಾಡಿಯ ಚಾಂಪಿಯನ್

ನಾನು ಸಾಗರ ತಾಲ್ಲೂಕಿನವನು. ಅಡಿಕೆ ತೋಟವಿರುವ ಊರಲ್ಲಿ ಬೆಳೆದವರಿಗೆ ಹಾಳೆ ಗಾಡಿಯ ಆಟ ಹೇಳಿಕೊಡಬೇಕಿಲ್ಲ. ಮರದಿಂದ ಬಿದ್ದ ಹಾಳೆಯ ಮೇಲೆ ಒಬ್ಬ ಕೂರಬೇಕು, ಸೋಗೆಯ ತುದಿ ಹಿಡಿದು ಇನ್ನೊಬ್ಬ ಎಳೆಯಬೇಕು. ನಮ್ಮ ತೋಟದ ಮೇಲೊಂದು ಬ್ಯಾಣವಿದೆ. ಬ್ಯಾಣ ಅಂದರೆ ನಮ್ಮ ಕಡೆ ಹುಲ್ಲು ಬೆಳೆಯುವ ಗುಡ್ಡ. ಮಳೆಗಾಲ ಮುಗಿದು ಹುಲ್ಲು ಒಣಗಿದಾಗ ಅಲ್ಲಿ ಎಳೆಯುವವನೂ ಬೇಕಿಲ್ಲ. ಕೂತು ಕಾಲೆತ್ತಿದರೆ ಸಾಕು, ಹಾಳೆ ತಾನಾಗಿಯೇ ಕೆಳಗಿನ ಬೇಲಿ ತನಕ ಹೋಗುತ್ತದೆ. ಕಲ್ಲು ಎಲ್ಲಿದೆ, ಗುಂಡಿ ಎಲ್ಲಿದೆ, ಎಲ್ಲಿ ಕಾಲೂರಬೇಕು ಎಲ್ಲವೂ ನನಗೆ ಬಾಯಿಪಾಠ. ನಮ್ಮೂರಿಗೆ ನಾನೇ ಚಾಂಪಿಯನ್.

ಆರನೇ ಕ್ಲಾಸಿನ ದಸರಾ ರಜೆಗೆ ಶೃಂಗೇರಿ ಹತ್ತಿರದ ಅತ್ತೆ ಮನೆಗೆ ಹೋದೆ. ಅಲ್ಲೂ ಗುಡ್ಡ, ಅಲ್ಲೂ ಹಾಳೆ. ‘ಇದೆಲ್ಲ ನಂಗೆ ಗೊತ್ತು’ ಎಂದು ಅತ್ತೆ ಮಗನ ಮುಂದೆ ಜಂಬ ಕೊಚ್ಚಿ ಎಲ್ಲರಿಗಿಂತ ಮೇಲಿನಿಂದ ಇಳಿದೆ. ಅರ್ಧ ದಾರಿಯಲ್ಲಿ ಹುಲ್ಲಿನೊಳಗೆ ಹಲಸಿನ ಮರದ ಬೇರೊಂದು ಅಡಗಿತ್ತು. ಗಲ್ಲಕ್ಕೆ ಮೂರು ಹೊಲಿಗೆ ಬಿತ್ತು. ಗುರುತು ಇನ್ನೂ ಇದೆ. ಆಸ್ಪತ್ರೆಯಿಂದ ಬಂದ ಮೇಲೆ ಅತ್ತೆ ಮಗ ಬಹಳ ಸಮಾಧಾನದಲ್ಲಿ ಹೇಳಿದ: ‘ಅಲ್ಲಿ ಎಡಕ್ಕೆ ವಾಲಬೇಕಿತ್ತು ಮಾರಾಯ. ನಮಗೆಲ್ಲ ಗೊತ್ತುಂಟು.’

ನಮಗೆಲ್ಲ ಗೊತ್ತುಂಟು! ನನಗೂ ಅವನಿಗೂ ಇದ್ದ ವ್ಯತ್ಯಾಸ ಅಷ್ಟೇ. ಅವನು ನನಗಿಂತ ಧೈರ್ಯವಂತನಲ್ಲ, ಚುರುಕೂ ಅಲ್ಲ. ಅದು ಅವನ ಗುಡ್ಡ. ಶಿವ ಕೇಶವನ್ ಅವರ ಕತೆ ಓದುವಾಗ ಪ್ರತಿ ಸಲವೂ ನನ್ನ ಕೈ ತಾನಾಗಿ ಗಲ್ಲಕ್ಕೆ ಹೋಗುತ್ತದೆ.

ಮನಾಲಿಯ ಹುಡುಗ, ಆಸ್ಟ್ರಿಯಾದ ಮಂಜುಗಡ್ಡೆ

ಶಿವ ಹುಟ್ಟಿದ್ದು 1981ರಲ್ಲಿ, ಹಿಮಾಚಲದ ಮನಾಲಿ ಬಳಿ. ಅಪ್ಪ ಕೇರಳದವರು, ಅಮ್ಮ ಇಟಲಿಯವರು. ವಶಿಷ್ಠ ಎಂಬ ಹಳ್ಳಿಯಲ್ಲಿ ಬೆಳೆದ ಹುಡುಗನಿಗೆ ಹಿಮದ ಮೇಲೆ ಜಾರುವುದು ನಮಗೆ ಹಾಳೆ ಗಾಡಿ ಇದ್ದಂತೆ. 1990ರ ದಶಕದ ನಡುವೆ, ಶಾಲೆಯಲ್ಲಿ ಓದುತ್ತಿದ್ದಾಗ, ಪಂಚಕುಲದಲ್ಲಿ ಒಂದು ಶಿಬಿರ ನಡೆಯಿತು. ಆಸ್ಟ್ರಿಯಾದ ಗುಂಟರ್ ಲೆಮ್ಮರರ್ ಹೊಸ ದೇಶಗಳಲ್ಲಿ ಲೂಜ್ ಆಡುವ ಮಕ್ಕಳನ್ನು ಹುಡುಕುತ್ತ ಬಂದಿದ್ದರು. ಹಿಮವೇ ಬೀಳದ ಜಮೈಕಾದ ಬಾಬ್‌ಸ್ಲೆಡ್ ತಂಡದ ಕತೆಯುಳ್ಳ ‘ಕೂಲ್ ರನ್ನಿಂಗ್ಸ್’ ಸಿನಿಮಾವನ್ನು ಅಲ್ಲಿ ಮಕ್ಕಳಿಗೆ ತೋರಿಸಿದರು. ಆಮೇಲೆ ಚಕ್ರ ಹಾಕಿದ ಸ್ಲೆಡ್ ಮೇಲೆ ಮಲಗಿಸಿ ರಸ್ತೆಯಲ್ಲಿ ಬಿಟ್ಟರು. ಶಿವ ಆಯ್ಕೆಯಾದರು. ಮುಂದಿನ ತರಬೇತಿ ಆಸ್ಟ್ರಿಯಾದಲ್ಲಿ, ನಿಜವಾದ ಮಂಜುಗಡ್ಡೆಯ ಮೇಲೆ.

ಅದಾದ ಸ್ವಲ್ಪ ಕಾಲಕ್ಕೇ, 1998ರ ಫೆಬ್ರುವರಿಯಲ್ಲಿ ಜಪಾನಿನ ನಾಗಾನೊ ಒಲಿಂಪಿಕ್ಸ್. ಭಾರತದಿಂದ ಹೋಗಿದ್ದ ಸ್ಪರ್ಧಿ ಒಬ್ಬರೇ. ಅದು ಹದಿನಾರು ವರ್ಷದ ಶಿವ. ಬಾವುಟ ಹಿಡಿದವರೂ ಅವರೇ, ಅದರ ಹಿಂದೆ ನಡೆಯಬೇಕಿದ್ದ ಆಟಗಾರರೂ ಅವರೇ! ಹದಿನಾರಕ್ಕೆ ನಾನು ಫಸ್ಟ್ ಪಿಯುಸಿಯಲ್ಲಿ ‘ವೆಕ್ಟರ್’ ಅಂದರೆ ಏನು ಎಂದು ಪಕ್ಕದವನನ್ನು ಕೇಳುತ್ತಿದ್ದೆ.

ಭಾರತದಲ್ಲಿ ಲೂಜ್ ಆಡಲು ಮಂಜುಗಡ್ಡೆಯ ಟ್ರ್ಯಾಕ್ ಇಲ್ಲ. ಹೀಗಾಗಿ ಮುಂದಿನ ಇಪ್ಪತ್ತು ವರ್ಷ ಅವರ ದಿನಚರಿ ಎಂದರೆ ಇಷ್ಟು: ಊರಲ್ಲಿದ್ದಾಗ ಮನಾಲಿ ರಸ್ತೆಯಲ್ಲಿ ಚಕ್ರದ ಸ್ಲೆಡ್, ಚಳಿಗಾಲ ಬಂತೆಂದರೆ ಯುರೋಪಿನ ಯಾವುದೋ ಊರಿನ ಯಾರದೋ ಟ್ರ್ಯಾಕ್.

ಕಂಡ ಮೇಲೆ ತಿರುಗಿಸಿದರೆ ತಡ

ಮೆಕ್ಯಾನಿಕಲ್ ಓದುವವನಾದ್ದರಿಂದ ಇಲ್ಲಿ ಸ್ವಲ್ಪ ಲೆಕ್ಕ ಮಾಡಲು ಬಿಡಿ. ಮಂಜಿನ ಟ್ರ್ಯಾಕ್‌ನಲ್ಲಿ ಮೂರು ಆಟಗಳಿವೆ. ಬಾಬ್‌ಸ್ಲೆಡ್‌ನಲ್ಲಿ ದೋಣಿಯಂಥ ಗಾಡಿಯೊಳಗೆ ಕೂರುತ್ತಾರೆ. ಸ್ಕೆಲಿಟನ್‌ನಲ್ಲಿ ಬೋರಲು ಮಲಗಿ ತಲೆ ಮುಂದೆ ಮಾಡಿ ಹೋಗುತ್ತಾರೆ. ಲೂಜ್‌ನಲ್ಲಿ ಅಂಗಾತ ಮಲಗಿ, ಕಾಲು ಮುಂದೆ. ಸ್ಲೆಡ್‌ಗೆ ಸ್ಟೇರಿಂಗ್ ಇಲ್ಲ, ಬ್ರೇಕ್ ಇಲ್ಲ. ಅಡಿಯಲ್ಲಿ ಎರಡು ರನ್ನರ್, ಅವುಗಳ ಅಂಚಿಗೆ ಉಕ್ಕು. ಮೀನಖಂಡದಿಂದ ರನ್ನರ್ ಒತ್ತಿ, ಭುಜ ಅದುಮಿ ದಿಕ್ಕು ಬದಲಿಸಬೇಕು. ಆರಂಭದಲ್ಲಿ ಎರಡೂ ಕಡೆಯ ಹಿಡಿಕೆ ಹಿಡಿದು ಜೀಕಿ ಹೊರಟು, ಮೊಳೆಯಿರುವ ಗ್ಲೌಸ್‌ನಿಂದ ಮಂಜನ್ನು ಒಂದಷ್ಟು ಸಲ ಹಿಂದಕ್ಕೆ ತಳ್ಳಿ ಮಲಗಿಬಿಟ್ಟರೆ ಆಯಿತು. ಉಳಿದ ಕೆಲಸವೆಲ್ಲ ಗುರುತ್ವಾಕರ್ಷಣೆಯದು.

ನೂರು ಮೀಟರ್ ಎತ್ತರದಿಂದ ಇಳಿದರೆ, ಪಿಯುಸಿಯಲ್ಲಿ ಕಲಿತ ಸೂತ್ರದ ಪ್ರಕಾರ ವೇಗ ಸೆಕೆಂಡಿಗೆ 44 ಮೀಟರ್. ಅಂದರೆ ಗಂಟೆಗೆ ಸುಮಾರು 159 ಕಿ.ಮೀ. ಗಾಳಿ ಮತ್ತು ಘರ್ಷಣೆಗೆ ಒಂದಷ್ಟು ಕಳೆದರೂ 120 ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಆ ವೇಗದಲ್ಲಿ 25 ಮೀಟರ್ ತ್ರಿಜ್ಯದ ತಿರುವಿಗೆ ನುಗ್ಗಿದರೆ ದೇಹದ ಮೇಲೆ ಬೀಳುವ ಒತ್ತಡ ಗುರುತ್ವದ ನಾಲ್ಕೂವರೆ ಪಟ್ಟು. ಹೆಲ್ಮೆಟ್ ಸೇರಿ ಆರು ಕೆ.ಜಿ. ತೂಗುವ ತಲೆ ಆಗ 27 ಕೆ.ಜಿ. ಆಗುತ್ತದೆ. ಕುತ್ತಿಗೆಗೆ 25 ಕೆ.ಜಿ. ಅಕ್ಕಿ ಮೂಟೆ ಕಟ್ಟಿಕೊಂಡು ತಲೆ ಎತ್ತಿ ನೋಡಿ ಅಂದರೆ ಯಾರು ನೋಡುತ್ತಾರೆ? ಸಾಲದ್ದಕ್ಕೆ ತಲೆ ಎತ್ತಿದರೆ ಗಾಳಿ ತಡೆದು ವೇಗ ಇಳಿಯುತ್ತದೆ. ಹಾಗಾಗಿ ಲೂಜ್ ಆಟಗಾರ ತನ್ನ ಕಾಲಿನ ಸಂದಿಯಿಂದ ಕಂಡಷ್ಟನ್ನೇ ಕಾಣುತ್ತಾನೆ.

ಇನ್ನೊಂದು ಲೆಕ್ಕ. ಕಣ್ಣು ನೋಡಿದ್ದಕ್ಕೆ ಕೈಕಾಲು ಸ್ಪಂದಿಸಲು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಗಂಟೆಗೆ 120 ಕಿ.ಮೀ. ವೇಗದಲ್ಲಿ ಅಷ್ಟರೊಳಗೆ ಸ್ಲೆಡ್ ಆರೇಳು ಮೀಟರ್ ಮುಂದೆ ಹೋಗಿರುತ್ತದೆ. ತಿರುವು ಕಂಡ ಮೇಲೆ ತಿರುಗಿಸುತ್ತೇನೆ ಎಂದರೆ ತಡವಾಯಿತು. ತಿರುವು ಬರುವ ಮೊದಲೇ ಅದು ಗೊತ್ತಿರಬೇಕು. ಎಷ್ಟು ಎತ್ತರಕ್ಕೆ ಹತ್ತಿಸುತ್ತದೆ, ಯಾವಾಗ ಕೆಳಗೆ ಎಸೆಯುತ್ತದೆ, ಹೊರಬರುವಾಗ ಯಾವ ಗೋಡೆ ಕಾದಿರುತ್ತದೆ ಎಲ್ಲವೂ ಮೈಗೆ ನೆನಪಿರಬೇಕು. ಅಂದರೆ ಈ ಆಟದಲ್ಲಿ ಅರ್ಧ ಪಾಲು ಜ್ಞಾಪಕಶಕ್ತಿ. ಆ ಜ್ಞಾಪಕ ಬರುವುದು ಅದೇ ಟ್ರ್ಯಾಕ್‌ನಲ್ಲಿ ಮತ್ತೆ ಮತ್ತೆ ಇಳಿದಾಗ ಮಾತ್ರ.

ತಪ್ಪಿಗೆ ಶಿಕ್ಷೆ ಕೂಡ ಅಲ್ಲೇ ಸಿಗುವುದಿಲ್ಲ. ಆರನೇ ತಿರುವಿಗೆ ತುಸು ತಡವಾಗಿ ಹೊಕ್ಕರೆ ಆರರಲ್ಲಿ ಏನೂ ಆಗದೇ ಇರಬಹುದು. ಏಳರಲ್ಲಿ ಸ್ಲೆಡ್ ಓಲಾಡುತ್ತದೆ, ಎಂಟರಲ್ಲಿ ಗೋಡೆಗೆ ಬಡಿಯುತ್ತದೆ. ಫಸ್ಟ್ ಸೆಮ್‌ನ ಮ್ಯಾಥ್ಸ್ ಅರ್ಧಂಬರ್ಧ ಕಲಿತು ಥರ್ಡ್ ಸೆಮ್‌ನಲ್ಲಿ ಬಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅವರ ಮನೆಯಂಗಳ, ಇವರ ಪರೀಕ್ಷೆ

ಯುರೋಪಿನಲ್ಲಿ ಇಂಥ ಟ್ರ್ಯಾಕ್‌ಗಳು ಹತ್ತಾರಿವೆ. ಒಂದರಂತೆ ಇನ್ನೊಂದಿಲ್ಲ. ಆಸ್ಟ್ರಿಯಾದ ಇನ್ಸ್‌ಬ್ರುಕ್ ಪಕ್ಕದ ಇಗ್ಲ್ಸ್ ಟ್ರ್ಯಾಕ್ ಕಟ್ಟಿದ್ದು 1976ರ ಒಲಿಂಪಿಕ್ಸ್‌ಗೆ. ಅದರಲ್ಲಿ 14 ತಿರುವು. ಜರ್ಮನಿಯ ಆಲ್ಟೆನ್‌ಬರ್ಗ್‌ನಲ್ಲಿ 17 ತಿರುವು. ಕಷ್ಟದ ಟ್ರ್ಯಾಕ್ ಎಂದೇ ಅದಕ್ಕೆ ಹೆಸರು. ಲಾಟ್ವಿಯಾದಲ್ಲಿ ಸಿಗುಲ್ಡಾ, ನಾರ್ವೆಯಲ್ಲಿ ಲಿಲ್ಲೆಹ್ಯಾಮರ್. ಹಲವು ಟ್ರ್ಯಾಕ್‌ಗಳಲ್ಲಿ ಹೆಚ್ಚುಕಡಿಮೆ ಪೂರ್ತಿ ಒಂದು ಸುತ್ತು ಹೊಡೆಸುವ ಭಾರಿ ತಿರುವೊಂದಿರುತ್ತದೆ. ಜರ್ಮನ್ನರು ಅದನ್ನು ‘ಕ್ರೈಸೆಲ್’ ಎನ್ನುತ್ತಾರೆ. ಕನ್ನಡದಲ್ಲಿ ಹೇಳುವುದಾದರೆ ಬುಗುರಿ! ಮೈಯೆಲ್ಲ ಮೂಟೆಯಂತೆ ಭಾರವಾಗಿ, ಸುತ್ತುತ್ತಲೇ ಇದ್ದೇನೆ ಅನಿಸುವಾಗ, ಅದರಿಂದ ಹೊರಬೀಳುವ ಕ್ಷಣವನ್ನು ಹಿಡಿಯಬೇಕು.

ಸಿಮೆಂಟಿನ ತೊಟ್ಟಿಯಂಥ ಟ್ರ್ಯಾಕ್‌ನೊಳಗೆ ಕೊಳವೆಗಳನ್ನು ಹೂತು, ಅವುಗಳಲ್ಲಿ ಅಮೋನಿಯಾ ಹರಿಸಿ ತಂಪು ಮಾಡುತ್ತಾರೆ. ಅದರ ಮೇಲೆ ನೀರನ್ನು ತೆಳುವಾಗಿ ಸಿಂಪಡಿಸುತ್ತ ಪದರ ಪದರವಾಗಿ ಮಂಜುಗಡ್ಡೆ ಕಟ್ಟಿಸುತ್ತಾರೆ. ನಮ್ಮ ಫ್ರಿಜ್‌ನ ತತ್ವವೇ, ಉದ್ದ ಮಾತ್ರ ಒಂದು ಕಿ.ಮೀ.ಗೂ ಹೆಚ್ಚು. ಹೀಗೆ ಯಂತ್ರದಿಂದ ತಂಪು ಮಾಡುವ ಜಗತ್ತಿನ ಮೊದಲ ಟ್ರ್ಯಾಕ್ ಕಟ್ಟಿದ್ದು ಜರ್ಮನಿಯ ಕೋನಿಗ್ಸೀಯಲ್ಲಿ, 1960ರ ದಶಕದ ಕೊನೆಗೆ. 2021ರ ಜುಲೈನ ಪ್ರವಾಹದಲ್ಲಿ ಅದು ಕೊಚ್ಚಿ ಹಾಳಾಯಿತು. ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್‌ನಲ್ಲಿ ಮಾತ್ರ ಕೊಳವೆಯೂ ಇಲ್ಲ, ಅಮೋನಿಯಾವೂ ಇಲ್ಲ. ಪ್ರತಿ ಚಳಿಗಾಲ ಹಿಮಕ್ಕೆ ನೀರು ಬೆರೆಸಿ ಕೈಯಿಂದಲೇ ಹೊಸ ಟ್ರ್ಯಾಕ್ ಕಟ್ಟುತ್ತಾರೆ. ಬೇಸಿಗೆಗೆ ಅದು ಕರಗಿ ಹೋಗುತ್ತದೆ.

ಶಿವ ಮೊದಲ ಒಲಿಂಪಿಕ್ಸ್ ಆಡಿದ ನಾಗಾನೊದಲ್ಲಿ ಚಿನ್ನ ಗೆದ್ದವರು ಜರ್ಮನಿಯ ಜಾರ್ಜ್ ಹ್ಯಾಕ್ಲ್. 1992, 1994, 1998 ಸತತ ಮೂರು ಚಿನ್ನ. ಅವರು ಬೆಳೆದದ್ದು ಆ ಕೋನಿಗ್ಸೀ ಟ್ರ್ಯಾಕ್‌ನ ಪಕ್ಕದಲ್ಲೇ. ಲೋಹದ ಕೆಲಸ ಕಲಿತವರು, ತಮ್ಮ ಸ್ಲೆಡ್ ಅನ್ನು ತಾವೇ ತಿದ್ದಿ ತೀಡಿಕೊಳ್ಳುತ್ತಿದ್ದವರು. ನಮ್ಮ ವರ್ಕ್‌ಶಾಪ್‌ನಲ್ಲಿ ಫೈಲಿಂಗ್ ಮಾಡುವಾಗ ‘ಇದರಿಂದ ಏನು ಉಪಯೋಗ?’ ಎಂದು ಗೊಣಗುವವರು ಹ್ಯಾಕ್ಲ್ ಅವರನ್ನು ನೆನೆಯಬೇಕು! ಇತ್ತ ನಮ್ಮ ಶಿವ, ಬೇರೆಯವರ ಸ್ಲೆಡ್ ಎರವಲು ಪಡೆದು ಇಳಿದ ದಿನಗಳ ಬಗ್ಗೆ ಹೇಳಿಕೊಂಡಿದ್ದಾರೆ.

ಈ ಆಟದಲ್ಲಿ ಸಮಯವನ್ನು ಅಳೆಯುವುದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ. ನಾಗಾನೊದಲ್ಲೇ ಮಹಿಳೆಯರ ಚಿನ್ನ ನಿರ್ಧಾರವಾದದ್ದು 0.002 ಸೆಕೆಂಡಿನಲ್ಲಿ, ಅದೂ ನಾಲ್ಕು ಓಟಗಳ ಒಟ್ಟು ಮೊತ್ತದಲ್ಲಿ. ಗೆದ್ದವರು, ಸೋತವರು ಇಬ್ಬರೂ ಜರ್ಮನಿಯವರೇ. 120 ಕಿ.ಮೀ. ವೇಗದಲ್ಲಿ ಅದನ್ನು ದೂರಕ್ಕೆ ಬದಲಿಸಿದರೆ ಏಳು ಸೆಂಟಿಮೀಟರ್‌ಗೂ ಕಡಿಮೆ. ಒಂದು ಪೆನ್ನಿನ ಅರ್ಧ ಉದ್ದ. ಅಂಥಲ್ಲಿ ‘ಈ ತಿರುವು ನನಗೆ ಗೊತ್ತು’ ಅನ್ನುವುದಕ್ಕೆ ಎಷ್ಟು ಬೆಲೆ ಎಂದು ನೀವೇ ಊಹಿಸಿ.

ಮೊದಲು ನಡೆ, ಆಮೇಲೆ ಇಳಿ

ಹಾಗಾದರೆ ಹೊರಗಿನವರು ಗೊತ್ತಿಲ್ಲದ ಟ್ರ್ಯಾಕ್ ಅನ್ನು ಹೇಗೆ ಕಲಿಯುತ್ತಾರೆ? ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಹಿಡಿಸಿದ ಭಾಗ ಇದು.

ಮೊದಲು ನಡೆಯುತ್ತಾರೆ. ಸ್ಲೆಡ್ ಮುಟ್ಟುವ ಮುಂಚೆ, ಮೊಳೆ ಇರುವ ಶೂ ಹಾಕಿಕೊಂಡು, ಕೋಚ್ ಜತೆ ಟ್ರ್ಯಾಕ್ ಉದ್ದಕ್ಕೂ ಹೆಜ್ಜೆ ಹಾಕುತ್ತಾರೆ. ಗೋಡೆ ಮುಟ್ಟಿ ನೋಡುತ್ತಾರೆ. ತಿರುವಿನಲ್ಲಿ ಕೂತು, ಬಗ್ಗಿ, ಮಲಗಿದಾಗ ಕಣ್ಣಿಗೆ ಹೇಗೆ ಕಾಣುತ್ತದೋ ಹಾಗೆ ನೋಡುತ್ತಾರೆ. ಇಲ್ಲಿ ಮಂಜು ಉಬ್ಬಿದೆ, ಇಲ್ಲಿ ಬಿಸಿಲು ಬೀಳುತ್ತದೆ, ಈ ಗೋಡೆಯ ಮೇಲೆ ಬೇರೆಯವರ ಸ್ಲೆಡ್ ಉಜ್ಜಿದ ಗೀರಿದೆ ಎಂದು ಗುರುತಿಟ್ಟುಕೊಳ್ಳುತ್ತಾರೆ. ನನ್ನ ಪ್ರಕಾರ ಆ ಗೀರೇ ದೊಡ್ಡ ಪಾಠ. ಹಿಂದಿನವರು ಎಲ್ಲಿ ತಪ್ಪಿದ್ದಾರೆ ಎಂಬುದರ ದಾಖಲೆ ಅದು.

ಆಮೇಲೆ ಕಣ್ಣು ಮುಚ್ಚಿಕೊಳ್ಳುತ್ತಾರೆ. ಸ್ಪರ್ಧೆಯ ವಿಡಿಯೊಗಳನ್ನು ನೋಡಿದರೆ ಕಾಣುತ್ತದೆ: ಸರದಿಗೆ ಕಾಯುವ ಆಟಗಾರರು ಕಣ್ಣು ಮುಚ್ಚಿ, ಕೈಯನ್ನು ಗಾಳಿಯಲ್ಲಿ ತಿರುಗಿಸುತ್ತ, ತಲೆಯನ್ನು ಆ ಕಡೆ ಈ ಕಡೆ ವಾಲಿಸುತ್ತ ನಿಂತಿರುತ್ತಾರೆ. ಗೊತ್ತಿಲ್ಲದವರಿಗೆ ಮೈಮೇಲೆ ದೇವರು ಬಂದಂತೆ ಅನಿಸಬೇಕು. ಅವರು ಮನಸ್ಸಿನಲ್ಲೇ ಮೊದಲ ತಿರುವಿನಿಂದ ಕೊನೆಯದರ ತನಕ ಇಳಿಯುತ್ತಿರುತ್ತಾರೆ.

ಹೊಸಬರು ಮೊದಲ ದಿನವೇ ತುತ್ತತುದಿಯಿಂದ ಇಳಿಯುವುದಿಲ್ಲ. ಕೆಳಗಿನ ತಿರುವುಗಳಿಂದ ಶುರುಮಾಡಿ ಮೆಲ್ಲಗೆ ಮೇಲೆ ಹತ್ತುತ್ತಾರೆ. ಅತ್ತೆ ಮನೆ ಗುಡ್ಡದಲ್ಲಿ ನಾನು ಮಾಡಿದ್ದು ಇದರ ಸರಿ ಉಲ್ಟಾ.

ಇಷ್ಟೆಲ್ಲ ಮಾಡಿದರೂ ಸ್ಪರ್ಧೆಗೆ ಮೊದಲು ಸಿಗುವ ಅಧಿಕೃತ ತರಬೇತಿ ಓಟಗಳು ಬೆರಳೆಣಿಕೆಯವು. ಊರಿನ ಹುಡುಗರು ಅದೇ ಟ್ರ್ಯಾಕ್‌ನಲ್ಲಿ ಬಾಲ್ಯದಿಂದ ಇಳಿದಿರುತ್ತಾರೆ. ಸೇಂಟ್ ಮೊರಿಟ್ಜ್‌ನಂಥ ಕಡೆ ಅವರಿಗೂ ಪ್ರತಿವರ್ಷ ಟ್ರ್ಯಾಕ್ ತುಸು ಹೊಸದು ಅನ್ನುವುದಷ್ಟೇ ಸಮಾಧಾನ. ಬೆಳಿಗ್ಗೆಯ ಮಂಜುಗಡ್ಡೆಯೇ ಬೇರೆ, ಮಧ್ಯಾಹ್ನದ್ದೇ ಬೇರೆ. ಉಕ್ಕಿನ ಅಂಚನ್ನು ಎಷ್ಟು ಚೂಪು ಮಾಡಬೇಕು ಎಂಬುದೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಉಕ್ಕನ್ನು ಬಿಸಿ ಮಾಡಿಕೊಂಡು ಮೋಸದಿಂದ ವೇಗವಾಗಿ ಇಳಿಯುವಂತಿಲ್ಲ. ಓಟಕ್ಕೆ ಮುನ್ನ ಅದರ ಉಷ್ಣತೆ ಅಳೆಯುತ್ತಾರೆ. ಕಾಪಿ ಹೊಡೆಯದಂತೆ ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಜೇಬು ತಡಕುತ್ತಾರಲ್ಲ, ಹಾಗೆ.

ಬಿದ್ದವರು, ಎದ್ದವರು

ಇದನ್ನು ಸ್ಫೂರ್ತಿಯ ಕತೆ ಎಂದು ಮಾತ್ರ ಹೇಳಿ ಮುಗಿಸಿದರೆ ತಪ್ಪಾಗುತ್ತದೆ. 2010ರ ಫೆಬ್ರುವರಿ 12, ವ್ಯಾಂಕೂವರ್ ಒಲಿಂಪಿಕ್ಸ್ ಉದ್ಘಾಟನೆಯ ದಿನ. ಜಾರ್ಜಿಯಾ ದೇಶದ ನೋಡರ್ ಕುಮಾರಿತಾಶ್ವಿಲಿ ಕೆನಡಾದ ವಿಸ್ಲರ್ ಟ್ರ್ಯಾಕ್‌ನಲ್ಲಿ ತರಬೇತಿ ಓಟಕ್ಕೆ ಇಳಿದರು. ಕೊನೆಯ ತಿರುವಿನಲ್ಲಿ ಹಿಡಿತ ತಪ್ಪಿ, ಗೋಡೆ ದಾಟಿ ಉಕ್ಕಿನ ಕಂಬಕ್ಕೆ ಬಡಿದು ತೀರಿಕೊಂಡರು. ಆಗ ಅವರಿಗೆ 21 ವರ್ಷ. ನನಗಿಂತ ಒಂದೇ ವರ್ಷ ದೊಡ್ಡವರು. ಆಮೇಲೆ ಅಲ್ಲಿ ಗೋಡೆ ಎತ್ತರಿಸಿದರು, ಪುರುಷರ ಓಟವನ್ನು ಕೆಳಗಿನಿಂದ ಶುರು ಮಾಡಿಸಿದರು. ನಾಲ್ಕು ವರ್ಷದ ನಂತರದ ಸೋಚಿ ಒಲಿಂಪಿಕ್ಸ್ ಟ್ರ್ಯಾಕ್‌ನಲ್ಲಿ ವೇಗ ತಗ್ಗಿಸಲೆಂದೇ ಮೂರು ಕಡೆ ಏರು ದಾರಿ ಇಟ್ಟರು.

ವಿಸ್ಲರ್‌ನಲ್ಲಿ ಆ ಸಾವಿನ ಮಾರನೇ ದಿನದಿಂದಲೇ ನಡೆದ ಸ್ಪರ್ಧೆಯಲ್ಲಿ ಶಿವ ಕೂಡ ಇದ್ದರು. 29ನೇ ಸ್ಥಾನ ಪಡೆದರು. ಮೇಲೆ ನಿಂತು ಹಿಡಿಕೆ ಹಿಡಿದಾಗ ಅವರ ಮನಸ್ಸಿನಲ್ಲಿ ಏನಿತ್ತೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಪರೀಕ್ಷೆಗೆ ಹೋಗುವಾಗ ಕೈ ನಡುಗುವುದನ್ನು ದೊಡ್ಡ ಸಂಗತಿ ಎಂದುಕೊಂಡಿದ್ದ ನನಗೆ ಸ್ವಲ್ಪ ನಾಚಿಕೆಯಾಯಿತು.

2014ರ ಸೋಚಿಯಲ್ಲಿ ಇನ್ನೊಂದು ಬಗೆಯ ಕಷ್ಟ. ಭಾರತೀಯ ಒಲಿಂಪಿಕ್ ಸಂಸ್ಥೆಯನ್ನು ಅಂತರರಾಷ್ಟ್ರೀಯ ಸಮಿತಿ ಅಮಾನತಿನಲ್ಲಿ ಇಟ್ಟಿತ್ತು. ಶಿವ ತ್ರಿವರ್ಣದ ಬದಲು ಒಲಿಂಪಿಕ್ ಬಾವುಟದ ಅಡಿಯಲ್ಲಿ ಇಳಿಯಬೇಕಾಯಿತು. ಅವರ ಸ್ಪರ್ಧೆ ಮುಗಿದ ಮೇಲೆ, ಕ್ರೀಡಾಕೂಟ ನಡೆಯುತ್ತಿರುವಾಗಲೇ ಅಮಾನತು ತೆರವಾಯಿತು. ಹಿಂದೊಮ್ಮೆ ಅಮ್ಮನ ದೇಶ ಇಟಲಿಯ ಪರ ಆಡುವ ಅವಕಾಶ ಬಂದಾಗ ಒಲ್ಲೆ ಎಂದಿದ್ದವರು ಅವರು.

ಅದೇ ಸೋಚಿಯ ತರಬೇತಿ ಓಟವೊಂದರ ವಿಡಿಯೊ ಇದೆ. ಶಿವ ಸ್ಲೆಡ್‌ನಿಂದ ಕೆಳಗೆ ಬೀಳುತ್ತಾರೆ. ಆದರೆ ಕೈ ಬಿಡುವುದಿಲ್ಲ. ಜಾರುತ್ತಿರುವಾಗಲೇ ಸ್ಲೆಡ್ ಎಳೆದುಕೊಂಡು, ಮತ್ತೆ ಅದರ ಮೇಲೆ ಹತ್ತಿ ಮಲಗಿ, ಓಟ ಮುಂದುವರಿಸುತ್ತಾರೆ. ಇದನ್ನು ನಾನು ಹತ್ತು ಸಲವಾದರೂ ನೋಡಿರಬಹುದು. ಕೊನೆಗೆ ರೂಮ್‌ಮೇಟ್ ಕೂಡ ‘ಇನ್ನೊಂದ್ಸಲ ಹಾಕು ಮಗಾ’ ಅಂದ.

ಶಿವ ಅವರ ಮಾರ್ಕ್ಸ್ ಕಾರ್ಡ್

ನಾವು ವಿದ್ಯಾರ್ಥಿಗಳು. ಯಾರದೇ ಬದುಕನ್ನೂ ಅಂಕಪಟ್ಟಿಯಂತೆ ನೋಡುವ ಚಾಳಿ. ಶಿವ ಅವರ ಪಟ್ಟಿ ಹೀಗಿದೆ: 1998 ನಾಗಾನೊ 28ನೇ ಸ್ಥಾನ. 2002 ಸಾಲ್ಟ್ ಲೇಕ್ ಸಿಟಿ 33. 2006 ಇಟಲಿಯ ಟುರಿನ್ 25, ಅದೇ ಅವರ ಅತ್ಯುತ್ತಮ ಸಾಧನೆ. 2010ರಲ್ಲಿ 29. ಸೋಚಿಯಲ್ಲಿ ಪಟ್ಟಿಯ ಕೊನೆಯ ಭಾಗದಲ್ಲಿ. 2018ರ ಪ್ಯೊಂಗ್‌ಚಾಂಗ್‌ನಲ್ಲಿ 34. ನೆಟ್ಟಗೆ ಮೇಲೇರುವ ಗೆರೆ ಇಲ್ಲಿಲ್ಲ. ನನ್ನ ಎಸ್‌ಜಿಪಿಎ ಹಾಗೆ ಏರಿಳಿಯುವ ಪಟ್ಟಿ.

ಟುರಿನ್ ಒಲಿಂಪಿಕ್ಸ್‌ಗೆ ಚೆಸಾನಾದಲ್ಲಿ ಕಟ್ಟಿದ ಟ್ರ್ಯಾಕ್ ಆಗ ಹೊಚ್ಚ ಹೊಸದು. ಬೆನ್ನ ಹಿಂದೆ ದಶಕಗಳ ಓಟ ಇದ್ದವರು ಅಲ್ಲಿ ಯಾರೂ ಇರಲಿಲ್ಲ. ಅವರ ಅತ್ಯುತ್ತಮ ಸ್ಥಾನ ಅಲ್ಲೇ ಬಂದಿದ್ದಕ್ಕೆ ಇದೂ ಒಂದು ಕಾರಣವೇನೋ ಎಂದು ನನಗೆ ಅನಿಸಿದೆ. ಒಂದೇ ಉದಾಹರಣೆಯಿಂದ ಗ್ರಾಫ್ ಎಳೆಯಬಾರದು ಎಂದು ನಮ್ಮ ಲ್ಯಾಬ್‌ನಲ್ಲಿ ಬೈಯುತ್ತಾರೆ. ಹಾಗಾಗಿ ಇದನ್ನು ಅನಿಸಿಕೆ ಅಂತಲೇ ಓದಿಕೊಳ್ಳಿ.

ಆದರೆ ಇನ್ನೊಂದು ಸಂಗತಿಯಲ್ಲಿ ಅನುಮಾನವಿಲ್ಲ. 2011ರಲ್ಲಿ ಶಿವ ಏಷ್ಯಾ ಮಟ್ಟದ ಚಿನ್ನ ಗೆದ್ದರು. ಎಲ್ಲಿ? ನಾಗಾನೊದಲ್ಲಿ. ಹದಿನಾರನೇ ವಯಸ್ಸಿಗೆ ಒಬ್ಬರೇ ಬಾವುಟ ಹಿಡಿದು ಹೋಗಿ 28ನೆಯವರಾಗಿ ಮರಳಿದ್ದ ಅದೇ ನಾಗಾನೊದಲ್ಲಿ, ಮೂವತ್ತರ ವಯಸ್ಸಿನಲ್ಲಿ, ಜಪಾನಿನವರ ಮನೆಯಂಗಳದಲ್ಲಿ. 2018ರ ಒಲಿಂಪಿಕ್ಸ್ ನಂತರ ನಿವೃತ್ತರಾದರು. 2020ರಲ್ಲಿ ಅರ್ಜುನ ಪ್ರಶಸ್ತಿ ಬಂತು.

ನನ್ನ ಮೂರನೇ ತಿರುವು

ಎಸ್ಸೆಸ್ಸೆಲ್ಸಿ ತನಕ ನಾನು ಕನ್ನಡ ಮಾಧ್ಯಮ. ಬೆಂಗಳೂರಿನ ಕಾಲೇಜಿಗೆ ಬಂದಾಗ ಕ್ಲಾಸಿನಲ್ಲಿ ಅರ್ಧ ಜನಕ್ಕೆ ಆಗಲೇ ಕೋಡಿಂಗ್ ಗೊತ್ತಿತ್ತು. ಇಂಗ್ಲಿಷಿನಲ್ಲಿ ಲೆಕ್ಚರರ್ ಜತೆ ಜೋಕ್ ಮಾಡುತ್ತಿದ್ದರು. ಫಸ್ಟ್ ಸೆಮ್‌ನಲ್ಲಿ ಮ್ಯಾಥ್ಸ್ ಬ್ಯಾಕ್ ಬಿತ್ತು. ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಲು ಮೂರು ದಿನ ಹಿಡಿಯಿತು. ‘ನಮ್ಮೂರಿಗೆ ನಾನೇ ಚಾಂಪಿಯನ್ ಆಗಿದ್ದೆನಲ್ಲ, ಇಲ್ಲಿಗೆ ಬಂದು ದಡ್ಡನಾದೆನಾ?’ ಎಂದು ಹಾಸ್ಟೆಲ್ ಟೆರೇಸ್ ಮೇಲೆ ಕೂತು ಯೋಚಿಸಿದ ರಾತ್ರಿಗಳಿವೆ. ಇದನ್ನು ಓದುತ್ತಿರುವ ನಿಮ್ಮಲ್ಲೂ ಕೆಲವರು ಅಂಥ ಟೆರೇಸ್ ಮೇಲೆ ಕೂತಿರಬಹುದು.

ಶಿವ ಅವರ ಕತೆಯಿಂದ ನನಗೆ ಸಿಕ್ಕಿದ್ದು ಒಂದು ಸರಿಯಾದ ಅಳತೆಗೋಲು. ಪಕ್ಕದವನು ಅದೇ ಟ್ರ್ಯಾಕ್‌ನಲ್ಲಿ ಸಾವಿರ ಸಲ ಇಳಿದವನು, ನಾನು ಐದು ಸಲ ಇಳಿದವನು. ಇಬ್ಬರ ಸಮಯವನ್ನು ಹೋಲಿಸುವಾಗ ಈ ಸಂಖ್ಯೆಯನ್ನೂ ಪಕ್ಕದಲ್ಲಿ ಬರೆಯಬೇಕು. ಇದು ನೆಪವಲ್ಲ. ಗಡಿಯಾರ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. 28ನೇ ಸ್ಥಾನ 28ನೇ ಸ್ಥಾನವೇ. ಆದರೆ ‘ನನ್ನಲ್ಲೇ ಏನೋ ಕೊರತೆ’ ಎಂದು ಕೊರಗುವುದಕ್ಕೂ ‘ನನಗೆ ಇನ್ನಷ್ಟು ಓಟ ಬೇಕು’ ಎಂದು ಲೆಕ್ಕ ಹಾಕುವುದಕ್ಕೂ ಬಹಳ ಅಂತರವಿದೆ. ಕೊರಗಿದರೆ ನಿದ್ದೆ ಕೆಡುತ್ತದೆ. ಲೆಕ್ಕ ಹಾಕಿದರೆ ನಾಳೆ ಬೆಳಿಗ್ಗೆ ಮಾಡಬೇಕಾದ ಕೆಲಸ ಗೊತ್ತಾಗುತ್ತದೆ.

ಹಾಗೆ ಲೆಕ್ಕ ಹಾಕಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಹಿಡಿದು ಕೂತೆ. ಎರಡನೇ ಸಲಕ್ಕೆ ಮ್ಯಾಥ್ಸ್ ಪಾಸಾಯಿತು. ಕಳೆದ ತಿಂಗಳು ಇಂಟರ್ನ್‌ಷಿಪ್‌ಗೆಂದು ಒಂದು ಕಂಪನಿಯ ಆಯ್ಕೆ ಪ್ರಕ್ರಿಯೆಗೆ ಹೋಗಬೇಕಿತ್ತು. ಹಿಂದಿನ ದಿನವೇ ಬಸ್ ಹತ್ತಿ ಆ ಜಾಗ ನೋಡಿಕೊಂಡು ಬಂದೆ. ಗೇಟ್ ಎಲ್ಲಿ, ಬಸ್‌ಸ್ಟಾಪ್‌ನಿಂದ ಎಷ್ಟು ನಡಿಗೆ ಎಲ್ಲ ಗೊತ್ತಾಯಿತು. ಕಳೆದ ವರ್ಷ ಹೋಗಿದ್ದ ಸೀನಿಯರ್ ಅಣ್ಣನ ಹತ್ತಿರ ಕೂತು ಎಷ್ಟು ರೌಂಡ್, ಯಾವುದರಲ್ಲಿ ಏನು ಕೇಳಿದರು, ಅವರು ಎಲ್ಲಿ ಎಡವಿದರು ಎಂದು ಕೇಳಿ ಬರೆದುಕೊಂಡೆ. ಗೋಡೆಯ ಮೇಲಿನ ಗೀರು ಎಂದೆನಲ್ಲ, ಅದೇ. ರಾತ್ರಿ ಕಣ್ಣು ಮುಚ್ಚಿ, ಬಾಗಿಲು ತಳ್ಳಿ ಒಳಗೆ ಹೋಗುವುದರಿಂದ ‘ಥ್ಯಾಂಕ್ಯೂ ಸರ್’ ಎಂದು ಹೊರಬರುವ ತನಕ ಮನಸ್ಸಿನಲ್ಲೇ ಒಮ್ಮೆ ಇಳಿದೆ. ರೂಮ್‌ಮೇಟ್ ‘ಈಗ ಖಂಡಿತ ನೀನೇ ಲೂಸ್’ ಅಂದ.

ಆಪ್ಟಿಟ್ಯೂಡ್ ರೌಂಡ್ ದಾಟಿದೆ. ಟೆಕ್ನಿಕಲ್ ರೌಂಡ್ ದಾಟಿದೆ. ಗ್ರೂಪ್ ಡಿಸ್ಕಷನ್‌ನಲ್ಲಿ ಮಾತಾಡಲು ಸಂದಿ ಸಿಗದೆ, ಸಿಕ್ಕಾಗ ಇಂಗ್ಲಿಷ್ ತಡವರಿಸಿ ಹೊರಬಿದ್ದೆ. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ವಾಪಸು ಬರುವಾಗ ಬಸ್ಸಿನಲ್ಲೇ ಡೈರಿ ತೆಗೆದು ಬರೆದೆ: ‘ಬಿದ್ದಿದ್ದು ಮೂರನೇ ತಿರುವಿನಲ್ಲಿ.’ ಈಗ ವಾರಕ್ಕೆ ಎರಡು ದಿನ ಊಟದ ನಂತರ ನಮ್ಮ ರೂಮಿನಲ್ಲಿ ಆರು ಜನ ಸೇರಿ ಇಂಗ್ಲಿಷಿನಲ್ಲಿ ಚರ್ಚೆ ಮಾಡುತ್ತೇವೆ. ವ್ಯಾಕರಣ ಕೇಳಿದರೆ ನಗು ಬರುತ್ತದೆ. ಆದರೆ ಓಟದ ಸಂಖ್ಯೆ ಹೆಚ್ಚುತ್ತಿದೆ.

ಮೆಡಲ್ ಇಲ್ಲದವರನ್ನು ಯಾಕೆ ನೋಡುತ್ತೀಯ ಎಂದು ಕೇಳಿದ್ದ ರೂಮ್‌ಮೇಟ್ ಆ ಆರು ಜನರಲ್ಲಿ ಒಬ್ಬ. ಮುಂದಿನ ಡ್ರೈವ್ ಇಬ್ಬರಿಗೂ ಒಂದೇ ದಿನ ಇದೆ. ಹಿಂದಿನ ದಿನ ಜಾಗ ನೋಡಿಕೊಂಡು ಬರೋಣ ಎಂದು ಈ ಸಲ ಮೊದಲು ಹೇಳಿದವನು ಅವನೇ.